ಜ್ವಾಕೆ ಅಂದ್ರೆ ಜಾಕು

ಮದುವೆ ಗೊತ್ತಾದ ದಿನದಿಂದ ಶಿವಗಂಗಮ್ಮ, ಎಲ್ಲಾರ ಬಾಯಾಗೆ ಗಂಗವ್ವ, ತನ್ನ ಅಜ್ಜನ್ನ ಅಜ್ಜ ಅಂತ ಕರೆಯೋದೇ ಬಿಟ್ಬಿಟ್ಟಿದ್ಲು. ಯಾಕಂದ್ರೆ ಗಂಡಾಗೋನ ಹೆಸರು ಅಜ್ಜಪ್ಪ. ಗಂಡನ ಹೆಸರು ಹೆಂಡ್ತಿ ಬಾಯಾಗೆ ಬರಬಾರದು, ಬಂದ್ರೆ ಒಂದೊಂದ್ ಸಲಕ್ಕೂ ಅವನ ಆಯುಸ್ಸು ಒಂದೊಂದ್ ಚೂರು ಸವೀತದೆ ಅಂತ ಹರಿಯಬ್ಬೆ ಹೆಂಗಸ್ರು ಎಲ್ಲಾರೂ ಹೇಳಿಟ್ಟಿದ್ರು. ಹೆಸರಷ್ಟೇ ಅಲ್ಲ, ಹೆಸರಿನ ಹತ್ರ ಹತ್ರ ಬರೋ ಮಾತೂ ಬ್ಯಾಡವಂತೆ. ಅದಕ್ಕೇ ಅವ್ಳು ಅಜ್ಜನ್ನ "ನಮ್ಮವ್ವನ ಅಪ್ಪಾ" ಅಂತ ಕರೀತಿದ್ಲು. ಮುದುಕನಿಗೆ ಸಿಟ್ಟೋ ಸಿಟ್ಟು. "ಏನಪ್ಪ ಹನುಮಂತಪ್ಪ, ನಿನ್ ಮಗ್ಳು ಇನ್ನೂ ತಾಳಿ ಕಟ್ಟಿಸ್ಕಂಡಿಲ್ಲ, ಆಗ್ಲೇ ನನ್ನ ಮನೆಯಿಂದ ಹೊರಗೆ ಹಾಕಿದ್ಲಲ್ಲೋ!" ಅಂತ ಅಳಿಯನ್ನ ಹಿಡ್ಕಂಡು ಬೈತಿದ್ದ.

ಆದ್ರೆ ಒಂದ್ ಕಡೆ ಮಾತ್ರ ಹೆಸರು ಹೇಳ್ಲೇಬೇಕು. ಗಂಡನ ಮನೆ ಹೊಸ್ತಿಲ ಮುಂದೆ ನಾದಿನಿ ಬಾಗಿಲಿಗೆ ಅಡ್ಡ ನಿಂತ್ಕಂತಾಳೆ. ಒಡಪು ಕಟ್ಟಿ, ಪದದ ಥರ ಹೇಳಿ, ಅದರೊಳಗೆ ಗಂಡನ ಹೆಸರು ಸೇರಿಸಿದ್ರೇನೇ ಒಳಕ್ಕೆ ಬಿಡೋದು. ಒಡಪಿನಾಗೆ ಹೇಳಿದ್ರೆ ದೋಷ ಇಲ್ಲ, ಬರೀ ಹೆಸರು ಕೂಗಿದ್ರೆ ದೋಷ. ಗಂಗವ್ವನಿಗೆ ಇದೇ ದೊಡ್ ಕಷ್ಟ ಆಗಿತ್ತು. ಬ್ಯಾರೆ ಹುಡ್ಗೀರು ಬೆಳ್ಳಿ ಬಟ್ಲು, ಮಲ್ಲಿಗೆ ಮೊಗ್ಗು ಅಂತ ಚೆಂದಾಗಿ ಕಟ್ತಿದ್ರು. ಇವ್ಳು ಕಣ್ಣು ಮುಚ್ಚಿದ್ರೆ ಹೊಳೆಯೋದು ಬರೀ ಗಾಲಿ, ಅಚ್ಚು, ಕೀಲೆಣ್ಣೆ!

ಹೊಳೀದೇ ಏನು ಮಾಡ್ತದೆ? ಅವಳಪ್ಪ ಹನುಮಂತಪ್ಪ ಬಾಡಿಗೆ ಗಾಡಿ ಹೊಡೆಯೋನು. ಒಬ್ಬಳೇ ಮಗ್ಳು ಅಂತ ಹಿರಿಯೂರು ಸಂತೆಗೆ, ಹೊಸದುರ್ಗಕ್ಕೆ, ಎಲ್ಲಿಗ್ ಹೋದ್ರೂ ಗಾಡಿ ಮ್ಯಾಲೆ ಕೂರಿಸ್ಕಂಡೇ ಹೋಗ್ತಿದ್ದ. ಗಾಡಿ ಅಚ್ಚಿಗೆ ಎಣ್ಣೆ ಹಾಕಬೇಕಂದ್ರೆ ಗಾಲಿ ಬಿಚ್ಚಬೇಕಲ್ಲ, ಗಾಲಿ ಬಿಚ್ಚಬೇಕಂದ್ರೆ ಗಾಡಿ ಎತ್ತಿ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಡಬೇಕಲ್ಲ. ಎತ್ತೋದು ಅಪ್ಪ, ದಿಮ್ಮಿ ತೂರ್ಸೋದು ಗಂಗವ್ವ. ದಿಮ್ಮಿ ಕೊಟ್ಟು, ಗಾಡೀನ ಹಿಡಿದು ಗಡಗಡ ಅಲ್ಲಾಡ್ಸಿ ನೋಡೋವರೆಗೂ ಹನುಮಂತಪ್ಪ ಕೆಳಗೆ ಕೈ ಹಾಕ್ತಿರ್ಲಿಲ್ಲ, ಒಂದ್ ಬೆರಳೂ ಹಾಕ್ತಿರ್ಲಿಲ್ಲ. "ಜ್ವಾಕೆ ಮಗಾ, ಹುಷಾರು" ಅಂತಿದ್ದ.

ಇಂಥೋನ ಮಗ್ಳಿಗೆ ಸಿಕ್ಕಿದ್ದು ಮೋಟ್ರು ಓಡ್ಸೋ ಗಂಡ! ಅಜ್ಜಪ್ಪ ಬೆಂಗಳೂರಾಗೆ ಆರು ತಿಂಗಳಿದ್ದು ಕೆಲಸ ಕಲ್ತು ಬಂದು, ಚಿತ್ರದುರ್ಗದ ಸಾವ್ಕಾರ್ರ ಮೋಟ್ರಿಗೆ ಡ್ರೈವರ್ ಆಗಿದ್ದ. ಅವ್ನು ಭೋಂಕ್ ಅಂತ ಹಾರನ್ ಒತ್ಕಂಡು ಬಂದ್ರೆ ಊರಿಗೂರೇ ಬಾಗಿಲಿಗೆ ಬರ್ತಿತ್ತು. ಮದುವೆ ಅಂತ ಸಾವ್ಕಾರ್ರು ಮೋಟ್ರು ಕೊಟ್ಟು ಕಳಿಸಿದ್ರು. ಹರಿಯಬ್ಬೇಲಿ ಮದುವೆ ಆಯ್ತು, ಊಟ ಆಯ್ತು, ಇನ್ನು ಹೆಣ್ಣನ್ನ ಮದಕರಿಪುರಕ್ಕೆ ಕರ್ಕಂಡು ಹೋಗೋದೊಂದೇ ಬಾಕಿ. ಹನುಮಂತಪ್ಪ ಮಗ್ಳ ಬಳುವಳಿ ಎಲ್ಲ ಗಾಡಿಗೆ ಹೇರ್ಕಂಡು, ಮಾವನ್ನೂ ಮ್ಯಾಲೆ ಕೂರಿಸ್ಕಂಡು ಹಿಂದಿನ ದಿನಾನೇ ಹೊರಟಿದ್ದ. ಮೋಟ್ರು ಮಾರನೇ ದಿನ ಬೆಳಿಗ್ಗೆ ಹೊರಡ್ತು. ಮುಂದ್ಗಡೆ ಜರಿ ರುಮಾಲು ಸುತ್ಕಂಡು ಅಜ್ಜಪ್ಪ, ಹಿಂದ್ಗಡೆ ಗಂಗವ್ವ, ಪಕ್ಕದಾಗೆ ಅಜ್ಜಪ್ಪನ ಅಕ್ಕ ಕೊಟ್ರಮ್ಮ. ಬಾಗಿಲಿಗೆ ಅಡ್ಡ ನಿಲ್ಲೋ ನಾದಿನಿ ಇವ್ಳೇ!

"ಒಡಪು ಕಟ್ಟಿದ್ಯೇನೇ ಹುಡ್ಗಿ?" ಅಂದ್ಲು ಕೊಟ್ರಮ್ಮ, ಹಿರಿಯೂರು ದಾಟಿದ ಕೂಡ್ಲೇ.

"ಕಟ್ತಾ ಇದೀನಕ್ಕ."

"ಇನ್ನೂ ಕಟ್ತಾ ಇದೀಯ? ನೋಡು, ನಾ ಸುಮ್ನೆ ಬಿಡೋಳಲ್ಲ. ನಮ್ಮತ್ತೆ ಮನೇಲಿ ನನ್ನ ಹೊತ್ತು ಮುಳುಗೋ ಗಂಟ ಹೊರಗೆ ನಿಲ್ಸಿದ್ರು. ಆ ಸೇಡೆಲ್ಲ ನಿನ್ ಮ್ಯಾಲೇ."

ಗಂಗವ್ವ ಗಾಳಿಗೆ ಹಾರೋ ಸೆರಗು ಹಿಡ್ಕಂಡು ಯೋಚ್ನೆ ಮಾಡಿದ್ಲು, ಮಾಡಿದ್ಲು, ಮತ್ತೂ ಗಾಲಿ ಅಚ್ಚೇ ಹೊಳೀತು.

ಐಮಂಗಲ ದಾಟಿದ್ ಮ್ಯಾಲೆ ಅಪ್ಪನ ಗಾಡಿ ಸಿಕ್ತು. ಅಜ್ಜಪ್ಪ ಬೇಕಂತ್ಲೇ ಹತ್ರ ಹೋಗೋವರೆಗೂ ಸುಮ್ನಿದ್ದು ಭೋಂಕ್ ಅನ್ನಿಸಿದ. ಎತ್ತು ಬೆದರಿ ಪಕ್ಕಕ್ಕೆ ಎಳೀತು. ಗಾಡಿ ಮ್ಯಾಲಿದ್ದ ಮುದುಕ "ಯಾವನ್ಲೇ ಅವ್ನು?" ಅಂತ ಎದ್ದು ನಿಂತ. ಯಾವನು ಅಂತ ನೋಡಿದ್ ಮ್ಯಾಲೆ ಹಲ್ಲಿಲ್ಲದ ಬಾಯಾಗೆ ನಕ್ಕ. ಹನುಮಂತಪ್ಪ ಇಳಿದು ಬಂದ, ಎರಡು ಕೈಯಾಗೂ ಒಂದೊಂದು ಜಾಲಿ ದಿಮ್ಮಿ ಹಿಡ್ಕಂಡು.

"ಅಳಿಯಂದ್ರೆ, ಇವೆರಡು ಮೋಟ್ರಾಗೆ ಇಟ್ಕಳ್ರಿ. ಹಳೇ ಜಾಲಿ, ಕಬ್ಬಿಣ ಇದ್ದಂಗೆ ಅವೆ. ನಿಮ್ದಕ್ಕೂ ಗಾಲಿ ಐತಲ್ಲ, ದಾರೀಲಿ ಬೇಕಾಗ್ತದೆ."

ಅಜ್ಜಪ್ಪ ಹೊಟ್ಟೆ ಹಿಡ್ಕಂಡು ನಕ್ಕ. "ಮಾವಾರೆ, ಇದು ಎತ್ತಿನ ಗಾಡಿ ಅಲ್ರೀ, ಮೋಟ್ರು! ಇದಕ್ಕೆ ಜಾಕೈತೆ. ನಾನೊಬ್ನೇ ಕೂತು ತಿರುವಿದ್ರೆ ಸಾಕು, ಇಡೀ ಮೋಟ್ರು ಮ್ಯಾಕೆ ಏಳ್ತದೆ."

"ಏಳ್ತದೆ, ಸರಿ. ಎದ್ದಿದ್ದು ನಿಲ್ಲಕ್ಕೆ ಏನೈತೆ?"

"ಅದೂ ಜಾಕೇರಿ!"

ಹನುಮಂತಪ್ಪ ಮಗ್ಳ ಮುಖ ನೋಡಿದ. ಗಂಗವ್ವನಿಗೆ ಹೇಳಬೇಕು ಅನ್ನಿಸ್ತು, ಆದ್ರೆ ಮದುವೆಯಾಗಿ ಮೂರು ದಿನ ಆಗಿಲ್ಲ, ಗಂಡನ ಮುಂದೆ ಹೆಂಗೆ ಅಪ್ಪನ ಕಡೆ ಮಾತಾಡೋದು? ದಿಮ್ಮಿ ವಾಪಸ್ ಗಾಡಿಗೇ ಹೋದ್ವು.

ಮುದುಕ ಕೂಗಿದ, "ಏ ಗಂಗವ್ವ, ನನ್ನನ್ನಾದ್ರೂ ಮೋಟ್ರಾಗೆ ಹತ್ತಿಸ್ಕಳೇ!"

"ಬಾರಪ್ಪೋ ನಮ್ಮವ್ವನ ಅಪ್ಪಾ!"

"ಹಂಗೆ ಕರೆದ್ರೆ ನಾ ಬರಲ್ಲ ಹೋಗು!" ಅಂತ ಮುದುಕ ಆ ಕಡೆ ತಿರುಗಿ ಕುಂತ. ಕೊಟ್ರಮ್ಮ ನಕ್ಕೂ ನಕ್ಕೂ ಕಣ್ಣಾಗೆ ನೀರು ತಂದ್ಕಂಡ್ಲು.

ಮೂರು ಮೈಲಿನೂ ಹೋಗಿರ್ಲಿಲ್ಲ. ದೂರದಾಗೆ ದುರ್ಗದ ಗುಡ್ಡ ಕಾಣ್ತಿತ್ತು, ದಾರಿ ತುಂಬ ಒಂದ್ ಕುರಿ ಹಿಂಡು ಬರ್ತಿತ್ತು. ಢಮಾರ್! ಗಂಗವ್ವ ಕೊಟ್ರಮ್ಮನ್ನ ತಬ್ಕಂಡ್ಲು, ಕೊಟ್ರಮ್ಮ ಗಂಗವ್ವನ್ನ ತಬ್ಕಂಡ್ಲು, ಎರಡು ಕುರಿ ಇದ್ದಲ್ಲೇ ಕುಂತ್ವು. ಹಿಂದ್ಗಡೆ ಟೈರು ಒಡೆದಿತ್ತು. ಅಜ್ಜಪ್ಪ ಕುರಿಗೆ ದಾರಿ ಬಿಟ್ಟು ಮೋಟ್ರನ್ನ ಒಂದ್ ಪಕ್ಕಕ್ಕೆ ತಗಂಡ, ಹೊಲದ ಅಂಚಿಗೆ. ಅಲ್ಲಿ ಎರೆ ಮಣ್ಣು. ರಾತ್ರಿ ಭರಣಿ ಮಳೆ ಒಂದಿಷ್ಟು ಹನಿ ಹಾಕಿ ಹೋಗಿತ್ತು.

"ಏನೂ ಆಗಿಲ್ಲ, ಒಂದೇ ಗಳಿಗೆ! ಈ ಮೋಟ್ರಾಗೆ ಗಾಲೀನೇ ಬಿಚ್ಚಿ ಬ್ಯಾರೆ ಹಾಕಬಹುದು, ಇನ್ನೊಂದ್ ಗಾಲಿ ಹಿಂದೆ ಕಟ್ಟೀನಿ. ನೀವಿಬ್ರೂ ಹೋಗಿ ಆ ಬೇವಿನ ಮರದ ಕೆಳಗೆ ಕುಂತ್ಕಳ್ರಿ." ಅಜ್ಜಪ್ಪನಿಗೆ ಒಳಗೊಳಗೇ ಖುಷಿ. ಹೊಸ ಹೆಂಡ್ತಿ ಮುಂದೆ ಕೆಲಸ ತೋರ್ಸೋಕೆ ಇದಕ್ಕಿಂತ ಒಳ್ಳೇ ಹೊತ್ತು ಸಿಕ್ತದಾ?

ಕುರಿ ಕಾಯೋ ಯತ್ತಪ್ಪ ಅನ್ನೋನು ಕೋಲಿಗೆ ಗದ್ದ ಆನಿಸ್ಕಂಡು ಬಂದು ನಿಂತ. "ಏನಣ್ಣಾ, ಕುಂಟ್ತಾ ಐತಾ ನಿನ್ ಕುದ್ರೆ?"

"ನೋಡ್ತಿರು ನೀನು." ಅಜ್ಜಪ್ಪ ಕಬ್ಬಿಣದ ಜಾಕು ತಗದು ಅಚ್ಚಿನ ಕೆಳಗೆ ಸೀದಾ ಮಣ್ಣಿನ ಮ್ಯಾಲೇ ಇಟ್ಟ. ಹಿಡಿ ತಿರುವ್ದ. ಕಿರ್, ಕಿರ್, ಕಿರ್. ಮೋಟ್ರಿನ ಹಿಂಭಾಗ ಹಂಗೇ ಎದ್ದೇಳ್ತು! ಯತ್ತಪ್ಪ ಬಾಯಿ ಬಿಟ್ಟ. ಅಜ್ಜಪ್ಪ ಗಾಲಿ ಬಿಚ್ಚಿ ಪಕ್ಕಕ್ಕೆ ಉರುಳಿಸಿದ. ಇನ್ನು ಬ್ಯಾರೆ ಗಾಲಿ ಹಾಕಿದ್ರೆ ಮುಗೀತು. ಆದ್ರೆ ನೋಡೋರು ಇದ್ರಲ್ಲ! "ಹೆಂಗೂ ಎತ್ತೀನಿ, ಕೆಳಗೊಂದ್ ನಟ್ಟು ಲೊಡಲೊಡ ಅಂತಿತ್ತು, ಬಿಗಿ ಮಾಡ್ಬಿಡ್ತೀನಿ" ಅಂತ ನಟ್ಟು ತಿರುವೋ ಪಾನಾ ತಗಂಡು ಅಂಗಾತ ಮಲಗಿ ಎದೆಮಟ್ಟ ಮೋಟ್ರು ಕೆಳಗೆ ಜರುಗಿದ. ಅಲ್ಲಿಂದ್ಲೇ ಯತ್ತಪ್ಪನಿಗೆ ಪಾಠ ಶುರು. "ಇದು ಗೇರು ಪೆಟ್ಟಿಗೆ. ಇದು ಹೊಗೆ ಕೊಳವೆ. ಮುಟ್ಟಿದ್ರೆ ಸುಡ್ತದೆ."

ಗಂಗವ್ವ ಬೇವಿನ ಮರದ ಕೆಳಗೆ ಕುಂತಿದ್ಲು, ಕಣ್ಣು ಮಾತ್ರ ಜಾಕಿನ ಪಾದದ ಮ್ಯಾಲೇ ಇತ್ತು. ಇಟ್ಟಾಗ ಆ ಪಾದ ಮಣ್ಣಿಂದ ನಾಕು ಬೆರಳು ಮ್ಯಾಲೆ ಕಾಣ್ತಿತ್ತು. ಈಗ ಎರಡೇ ಬೆರಳು. ಮುಂದಿನ ಗಾಲಿ ನೋಡಿದ್ಲು, ಒಂದಕ್ಕೂ ಕಲ್ಲು ಕೊಟ್ಟಿಲ್ಲ. ಅಚ್ಚು ನೋಡಿದ್ಲು, ಕೆಳಗೆ ದಿಮ್ಮಿ ಇಲ್ಲ, ಏನೂ ಇಲ್ಲ, ಬರೀ ಗಂಡ ಇದಾನೆ. ಮತ್ತೆ ಪಾದ ನೋಡಿದ್ಲು. ಒಂದೇ ಬೆರಳು, ಮ್ಯಾಲಾಗಿ ಜಾಕು ಒಂದ್ ಕಡೆ ವಾಲ್ತಾ ಐತೆ!

ಎದ್ದು ಓಡಿದ್ಲು. "ಏನ್ರೀ!"

"ಏನ್ ತಾಯಿ?" ಅಂದ ಯತ್ತಪ್ಪ.

"ನಿಮ್ಮನ್ನಲ್ಲ! ರೀ! ರೀ!"

"ಇಲ್ಲಿರೋನು ನಾನೊಬ್ನೇ ಅಲ್ಲೇನವ್ವಾ?"

"ಜ್ವಾಕೆ!" ಅಂತ ಗಂಗವ್ವ ಬಗ್ಗಿ ಮೋಟ್ರು ಕೆಳಕ್ಕೆ ಕೂಗಿದ್ಲು. "ಜ್ವಾಕೆ, ಜ್ವಾಕೆ!"

ಒಳಗಿಂದ ಅಜ್ಜಪ್ಪನ ದನಿ ಖುಷಿ ಖುಷಿಯಾಗಿ ಬಂತು. "ಹೂಂ ಕಣೇ, ಜಾಕೇ! ಜಾಕು ಅಂತ್ಲೇ ಅದರ ಹೆಸರು. ಎಷ್ಟು ಬೇಗ ಕಲ್ತ್ಬಿಟ್ಟೆ!"

"ಅಯ್ಯೋ, ಜ್ವಾಕೆ ಅಂದೆ!"

"ನಾನೂ ಅದೇ ಅಂದಿದ್ದು. ಜಾಕು!"

ಜಾಕು ಕರಕ್ ಅಂತು. ಹೆಸರು ಕೂಗಿದ್ರೆ ಅವ್ರ ಆಯುಸ್ಸು ಸವೀತದೆ. ಕೂಗದಿದ್ರೆ ಸವೆಯಕ್ಕೆ ಆಯುಸ್ಸೇ ಉಳಿಯಲ್ಲ! ಕಣ್ಣು ಮುಚ್ಚಿದ್ಲು, ಹೊಟ್ಟೆಯಿಂದ ಕೂಗಿದ್ಲು.

"ಅಜ್ಜಪ್ಪಾಆಆ!"

ಹೆಂಡ್ತಿ ಬಾಯಾಗೆ ತನ್ನ ಹೆಸರು! ಸಿಡಿಲು ಹೊಡೆದಂಗಾಯ್ತು ಅಜ್ಜಪ್ಪನಿಗೆ. ಏನಾಯ್ತೋ ಅಂತ ಬೆನ್ನ ಮ್ಯಾಲೇ ಜರ್ರಂತ ಜಾರಿ ಹೊರಗೆ ಬಂದು ಎದ್ದು ಕುಂತ. ಅವನ ಹಿಂದೇನೇ ಧೊಪ್! ಜಾಕು ಮಗ್ಗಲಿಗೆ ಬಿತ್ತು, ಮೋಟ್ರಿನ ಹಿಂಭಾಗ ಎರೆ ಮಣ್ಣಾಗೆ ಹೂತು ಕುಂತ್ಕಂತು. ಕೆಸರು ಸಿಡಿದು ಎಲ್ಲಾರ ಮುಖಕ್ಕೂ ಬಡೀತು.

ಆಮ್ಯಾಲೆ ಬೇವಿನ ಮರದ ಕೆಳಗಿಂದ ಕೊಟ್ರಮ್ಮ ಎರಡು ಕೆನ್ನೆ ಮ್ಯಾಲೂ ಕೈ ಇಟ್ಕಂಡು ಬಂದ್ಲು. "ಹೆಸರು ಕೂಗಿದ್ಲು! ಬೀದೀಲಿ! ಕುರಿ ಮುಂದೆ!"

"ಯಾಕೇ ಕೂಗ್ದೆ ನನ್ ಹೆಸರು?" ಅಂತ ಅಜ್ಜಪ್ಪನೂ ಜೋರು ಮಾಡಿದ. ಜೋರು ಮಾಡ್ತಾ ರುಮಾಲು ಸರಿ ಮಾಡ್ಕಳ್ಳಾಣ ಅಂತ ತಲೆ ಮ್ಯಾಲೆ ಕೈ ಇಟ್ಟ. ರುಮಾಲಿಲ್ಲ. ತಿರುಗಿ ನೋಡಿದ. ಮೋಟ್ರು ಕೆಳಗಿಂದ ಜರಿ ಅಂಚು ಒಂದ್ ಗೇಣು ಹೊರಗೆ ಕಾಣ್ತಿತ್ತು, ಉಳಿದಿದ್ದೆಲ್ಲ ಅಚ್ಚಿನ ಅಡೀಗೆ ಹಪ್ಪಳ ಆಗಿತ್ತು. ಅವನ ತಲೆ ಇದ್ದ ಜಾಗ ಅದು.

ಅಜ್ಜಪ್ಪ ಹಂಗೇ ಮೆತ್ತಗಾದ. ಆ ಅಂಚು ನೋಡಿದ, ಹೆಂಡ್ತಿ ಮುಖ ನೋಡಿದ, ಮತ್ತೆ ಅಂಚು ನೋಡಿದ.

"ಜ್ವಾಕೆ ಅಂದಿದ್ದು ನಾನು," ಅಂದ್ಲು ಗಂಗವ್ವ ಸಣ್ಣ ದನೀಲಿ. "ಜಾಕು ಅಲ್ಲ."

ಮೊದ್ಲು ನಕ್ಕಿದ್ದು ಯತ್ತಪ್ಪ. ಕೋಲು ಬಿಟ್ಟು ನೆಲಕ್ಕೆ ಕುಂತು ನಕ್ಕ. ಆಮ್ಯಾಲೆ ಅಜ್ಜಪ್ಪ ನಕ್ಕ, ನಗ್ತಾ ನಗ್ತಾ ಕಣ್ಣು ಒರೆಸ್ಕಂಡ. ಕೊಟ್ರಮ್ಮ ನಗಲಿಲ್ಲ, ಬಂದು ಗಂಗವ್ವನ ಮುಖದ ಕೆಸರು ತನ್ನ ಸೆರಗಾಗೆ ಒರೆಸಿದ್ಲು. "ಬಾಗಿಲಾಗೆ ಮಾತ್ರ ಬಿಡಲ್ಲ ನೋಡು," ಅಂದ್ಲು. ದನಿ ಮಾತ್ರ ಬ್ಯಾರೇನೇ ಇತ್ತು.

ಗಾಡಿ ಬರೋ ಹೊತ್ತಿಗೆ ಬಿಸಿಲು ಏರಿತ್ತು. ಮುದುಕ ದೂರದಿಂದ್ಲೇ ಕೂಗಿದ. "ಏನ್ರಲೇ, ಮೋಟ್ರು ಮೇಯಕ್ಕೆ ಬಿಟ್ಟೀರೇನು?" ಹನುಮಂತಪ್ಪ ಇಳಿದು ಬಂದು ಹೂತಿರೋ ಅಚ್ಚು ನೋಡಿದ, ಬಿದ್ದಿರೋ ಜಾಕು ನೋಡಿದ, ಅಳಿಯನ ಬರಿ ತಲೆ ನೋಡಿದ. ಎಲ್ಲ ತಿಳೀತು. ಹಿಂದಕ್ಕೆ ಹೋಗಿ ದಿಮ್ಮಿ ಎರಡೂ ತಂದು ಮಗ್ಳ ಮುಂದೆ ಇಟ್ಟ. "ಮೋಟ್ರಿನ ಮೈ ನಂಗೆ ಗೊತ್ತಿಲ್ಲವ್ವ. ಹೆಂಗೆ ಕುಸೀತು ಅಂತ ನೋಡಿದೋಳು ನೀನೇ ಹೇಳು, ನಾವು ಮಾಡ್ತೀವಿ."

ಗಂಗವ್ವ ಗಂಡನ ಮುಖ ನೋಡಿದ್ಲು. ಅಜ್ಜಪ್ಪ ತಲೆ ತಗ್ಗಿಸಿ, "ಹೇಳು" ಅಂದ.

ಇಷ್ಟ್ ಹೇಳಿದ್ದೇ ತಡ, ಗಂಗವ್ವ ಸೆರಗು ಸೊಂಟಕ್ಕೆ ಸಿಗಿಸಿದ್ಲು. "ಮೊದ್ಲು ಗಾಲಿಗೆ ಕಲ್ಲು ಕೊಡ್ರಿ! ನೆಲದ ಮ್ಯಾಲಿರೋ ಮೂರಕ್ಕೂ, ಹಿಂದೂ ಮುಂದೂ. ಯತ್ತಪ್ಪಣ್ಣ, ಆ ಬದೂನಾಗೆ ಕಲ್ಲವೆ ನೋಡು. ಜಾಕಿನ ಕೆಳಗೆ ಹಲಗೆ ಬೇಕು, ಅಗಲದ್ದು. ಅಪ್ಪಾ, ಗಾಡೀಲಿ ಹಲಗೆ ಐತಾ?"

"ಹಲಗೆ ಎಲ್ಲೈತವ್ವ? ನಿನ್ನ ಹಸೆಮಣೆ ಐತೆ."

ಗಂಡು ಹೆಣ್ಣು ಕುಂತು ಮದುವೆಯಾಗಿದ್ದ ಮಣೆ! ಹೊನ್ನೆ ಮರದ್ದು, ಎರಡು ಬೆರಳು ದಪ್ಪ. ಬಳುವಳಿ ಜತೆ ಕಳಿಸಿದ್ರು. ಗಂಗವ್ವ ಒಂದೇ ಮನಸ್ಸಿನಾಗೆ "ತಗಂಬಾ" ಅಂದ್ಲು.

"ಹಸೆಮಣೆ ಮ್ಯಾಲೆ ಕಬ್ಬಿಣ ಕೂರಿಸ್ತೀಯೇನೇ!" ಅಂತ ಕೊಟ್ರಮ್ಮ ಅಡ್ಡ ಬಂದ್ಲು.

"ನಿಮ್ ತಮ್ಮನ್ನ ಕಾಯೋ ಕಬ್ಬಿಣ ಅಕ್ಕಾ."

ಕೊಟ್ರಮ್ಮ ಸೊಂಟದಾಗಿನ ಕುಂಕುಮದ ಭರಣಿ ತಗದು ಜಾಕಿಗೆ ಒಂದ್ ಬೊಟ್ಟು ಇಟ್ಲು. ಯತ್ತಪ್ಪ ಕಲ್ಲು ಹೊತ್ಕಂಡು ಬರ್ತಾ, "ಮದುಮಗ ಮಣೆ ಮ್ಯಾಲೆ ಕುಂತ ನೋಡ್ರಿ, ಅಕ್ಷತೆ ಹಾಕಾಣ್ವಾ?" ಅಂದ.

ಹನುಮಂತಪ್ಪ ಗಾಡಿಯ ಗಳ ತಂದು ಅಚ್ಚಿನ ಅಡೀಗೆ ಮೀಟೋ ಸನ್ನೆ ಹಾಕಿದ, ಯತ್ತಪ್ಪನೂ ಮುದುಕನೂ ಅದರ ತುದಿ ಮ್ಯಾಲೆ ಜೋತು ಬಿದ್ರು. ಹೂತಿದ್ದ ಅಚ್ಚು ಒಂದ್ ಗೇಣು ಎದ್ದಾಗ ಜಾಕು ಕೂತ ಮಣೇನ ಕೋಲಾಗೆ ತಳ್ಳಿ ಅಡೀಗೆ ಸರಿಸಿದ್ರು. ಯಾರೂ ಒಳಕ್ಕೆ ಕೈ ಹಾಕಂಗಿಲ್ಲ ಅಂತ ಗಂಗವ್ವ ಕಾವಲು ನಿಂತಿದ್ಲು. ಅಜ್ಜಪ್ಪ ಹಿಡಿ ತಿರುವ್ದ. ನಾಕು ಸುತ್ತು ಆದ್ರೆ "ನಿಲ್ರಿ" ಅಂತಿದ್ಲು, ಬಗ್ಗಿ ಪಾದ ನೋಡ್ತಿದ್ಲು, "ಹೂಂ ಹೊಡೀರಿ" ಅಂತಿದ್ಲು. ಮಣೆ ಒಂದ್ ಕೂದಲೂ ಕುಸೀಲಿಲ್ಲ. ಸಾಕಷ್ಟು ಎತ್ತರ ಆದಾಗ ಒಂದ್ ದಿಮ್ಮಿ ಅಚ್ಚಿನ ಕೆಳಗೆ, ಇನ್ನೊಂದು ಮೋಟ್ರಿನ ಚೌಕಟ್ಟಿನ ಕೆಳಗೆ, ಎರಡರ ಅಡೀಗೂ ಚಪ್ಪಟೆ ಕಲ್ಲು.

"ಈಗ ಜಾಕು ಒಂದ್ ಸುತ್ತು ಇಳಿಸ್ರಿ."

"ಎತ್ತಿದ್ದು ಯಾಕೆ ಇಳಿಸಬೇಕೇ?"

"ಭಾರ ದಿಮ್ಮಿ ಮ್ಯಾಲೆ ಕೂರಲಿ. ಜಾಕು ಎತ್ತೋದಕ್ಕೆ, ಹೊರೋದಕ್ಕಲ್ಲ."

ಇಳಿಸಿದ. ದಿಮ್ಮಿ ಕಿರ್ ಅಂತ ಭಾರ ತಗಂಡ್ವು. ಗಂಗವ್ವ ಮೋಟ್ರಿನ ಮೈ ಹಿಡಿದು ಅಪ್ಪನ ಥರಾನೇ ಗಡಗಡ ಅಲ್ಲಾಡ್ಸಿದ್ಲು. ಬಂಡೆ ಇದ್ದಂಗೆ ನಿಂತಿತ್ತು. ಯತ್ತಪ್ಪ ಕುರಿ ಕೋಲು ತೂರಿಸಿ ರುಮಾಲು ಎಳೆದು ಕೊಟ್ಟ. ಅಜ್ಜಪ್ಪ ಹೊಸ ಗಾಲಿ ಹಾಕಿದ. ಆ ಲೊಡಲೊಡ ನಟ್ಟು ಕೇಳ್ತೀರಾ? ಅದನ್ನ ಮನೇಲೇ ನೋಡ್ಕಳ್ಳಾಣ ಅಂದ.

ಹೊರಡೋವಾಗ ದಿಮ್ಮಿ ಎರಡನ್ನೂ ಅಜ್ಜಪ್ಪ ತಾನೇ ಒರೆಸಿ ಮೋಟ್ರಾಗೆ ಇಟ್ಕಂಡ. "ಮಾವಾರೆ, ಬಳುವಳೀಲಿ ಇದೇ ನಂಗೆ ದೊಡ್ಡದು" ಅಂದ. ಹನುಮಂತಪ್ಪ ಮೀಸೆ ಕೆಳಗೇ ನಕ್ಕ. ಮುದುಕ ಕೇಳದೇನೇ ಹತ್ತಿ ಮುಂದಿನ ಸೀಟಾಗೆ ಕುಂತಿದ್ದ. "ಹೆಂಗೆ ಕರೆದ್ರೂ ಬರ್ತೀನಿ, ಮೊದ್ಲು ಆ ಭೋಂಕ್ ನಾನು ಒತ್ತಬೇಕು" ಅಂದ. ಹಿಂದ್ಗಡೆ ಹತ್ತೋ ಗಂಗವ್ವನ ಹತ್ರ ಬಗ್ಗಿ ಅಜ್ಜಪ್ಪ ಮೆತ್ತಗೆ, "ಇನ್ನೊಂದ್ ಸಲ ಕೂಗೇ, ಚೆನ್ನಾಗಿತ್ತು" ಅಂದ. ಅವ್ಳು ಕೆಂಪಗಾಗಿ, "ಜಾಕು ಹತ್ಕಳ್ರಿ ಸುಮ್ನೆ" ಅಂದ್ಲು. ಜ್ವಾಕೆ ಅನ್ನೋಕೆ ಹೋಗಿ ಜಾಕು ಬಂತು ಅಂತ ತಾನೇ ನಕ್ಲು.

ಮದಕರಿಪುರದಾಗೆ ಮೋಟ್ರು ನಿಂತ್ರೆ, ಇಳಿದು ಓಡಿದ ಮೊದಲನೇ ಆಳು ಕೊಟ್ರಮ್ಮ. ಬಾಗಿಲಿಗೆ ಎರಡು ಕೈ ಚಾಚಿ ನಿಂತ್ಲು. ಒಳಗಿಂದ ಅತ್ತೆ ಅನ್ನಪೂರ್ಣಮ್ಮ ಆರತಿ ತಟ್ಟೆ ಹಿಡ್ಕಂಡು ಬಂದ್ರು. ಮಗನ ತಲೆ ಮ್ಯಾಲಿನ ರುಮಾಲು ನೋಡಿದ್ರು, ನಡೂ ಮಧ್ಯ ದುಂಡಗೆ ಕರೀ ಕೆಸರಿನ ಮುದ್ರೆ. "ಏನೋ ಇದು?"

"ಆಮ್ಯಾಲೆ ಹೇಳ್ತೀನವ್ವ," ಅಂದ್ಲು ಕೊಟ್ರಮ್ಮ. "ಮೊದ್ಲು ಇವ್ಳು ಹೇಳಲಿ. ಬೀದೀಲಿ ಕೂಗಿದ್ದು ಕುರಿಗಾಯ್ತು, ನಮಗೆ ಒಡಪಿನಾಗೆ ಬೇಕು."

ಕೇರಿ ಹೆಂಗಸ್ರೆಲ್ಲ ಸುತ್ತ ನಿಂತಿದ್ರು. ಗಂಗವ್ವ ಕಣ್ಣು ಮುಚ್ಚಿದ್ಲು. ಬೆಳ್ಳಿ ಬಟ್ಲು ಹೊಳೀಲಿಲ್ಲ, ಮಲ್ಲಿಗೆ ಹೊಳೀಲಿಲ್ಲ. ಹೊಳೆದಿದ್ದನ್ನೇ ಹೇಳಿದ್ಲು.

"ಗಾಲಿಗೆ ಕೊಟ್ಟೆ ಕಲ್ಲು, ಜಾಕಿಗೆ ಕೊಟ್ಟೆ ಮಣೆ,
ಅಚ್ಚಿನ ಕೆಳಗೆ ಜಾಲಿ ದಿಮ್ಮಿ, ನಮ್ಮಪ್ಪನ ಆಣೆ,
ಜ್ವಾಕೆ ಅಂದ್ರೆ ಜಾಕು ಅಂತ ಕೇಳ್ತು ನನ್ನ ದೊರೆಗೆ,
ಅಜ್ಜಪ್ಪಾ ಅಂತ ಕೂಗಿದ್ ಮ್ಯಾಲೇ ಬಂದ್ರು ನೋಡ್ರಿ ಹೊರಗೆ!"

ಹೆಂಗಸ್ರು ಹೋ ಅಂದ್ರು. ಕೊಟ್ರಮ್ಮನ ಕೈ ತಾವಾಗೇ ಕೆಳಗಿಳಿದ್ವು. ನಡೆದಿದ್ದೆಲ್ಲ ಕೊಟ್ರಮ್ಮ ಒಂದೇ ಉಸಿರಿಗೆ ಹೇಳಿದಾಗ ಅನ್ನಪೂರ್ಣಮ್ಮ ಆ ರುಮಾಲಿನ ಕೆಸರು ಮುದ್ರೆ ಮ್ಯಾಲೆ ಬೆರಳಿಟ್ಟು ನೋಡಿದ್ರು. ಆಮ್ಯಾಲೆ ಸೊಸೆ ಕೆನ್ನೆ ಹಿಡಿದು ಎಲ್ಲಾರಿಗೂ ಕೇಳೋ ಹಂಗೆ, "ಮೋಟ್ರು ಕೆಳಗಿದ್ದಾಗ ಹೆಸರು ಕೂಗಿದ್ರೆ ಆಯುಸ್ಸು ಸವೆಯಲ್ಲ, ಬೆಳೀತದೆ. ಇವತ್ತಿಂದ ಈ ಮನೇಲಿ ಇದೇ ಶಾಸ್ತ್ರ" ಅಂದ್ರು.

ಜಗುಲಿ ಮ್ಯಾಲೆ ಆಗ್ಲೇ ಕುಂತಿದ್ದ ಮುದುಕ ಕಿವಿ ನಿಮಿರಿಸ್ದ. ಕೋಲೂರಿ ಎದ್ದು ಮೋಟ್ರು ಕಡೆ ಹೊರಟ. "ಹಂಗಾದ್ರೆ ನಾನೂ ಒಂದ್ ಗಳಿಗೆ ಅದರ ಕೆಳಗೆ ಮಲಗ್ತೀನಿ. ನನ್ನೂ ಬಾಯ್ತುಂಬ ಕರೀಲಿ!"

"ದಿಮ್ಮಿ ಕೊಡದೆ ಕೆಳಗೆ ಹೋಗಬ್ಯಾಡ ಅಜ್ಜಾ!" ಅಂತ ಗಂಗವ್ವ ಹೊಸ್ತಿಲಿಂದ್ಲೇ ಕೂಗಿದ್ಲು.

ಕೂಗಿದ್ ಮ್ಯಾಲೆ ನಾಲಿಗೆ ಕಚ್ಕಂಡ್ಲು. ಮುದುಕ ಅಲ್ಲೇ ನಿಂತು, ಹಲ್ಲಿಲ್ಲದ ಬಾಯಿ ಅಗಲ ಮಾಡ್ಕಂಡು, "ಆಂ? ಏನಂದೆ? ಕೇಳಿಸ್ಲಿಲ್ಲ, ಇನ್ನೊಂದ್ ಸಲ ಅನ್ನು!" ಅಂದ.